ಮಂಗಳೂರೋ ಕಲ್ಲಿಕೋಟೆಯೋ? ಡಾಕ್ಟರಾಗ ಹೊರಟ ಮಕ್ಕಳ ಮನೆಯವರಿಗೆ ನಾಲ್ಕು ಮಾತು

ಪ್ರತಿ ವರ್ಷ ನೀಟ್ ಫಲಿತಾಂಶ ಬಂದು ಆಪ್ಷನ್ ಕೊಡುವ ದಿನಗಳು ಹತ್ತಿರವಾದಾಗ ಕಾಸರಗೋಡಿನ ಕನ್ನಡ ಶಾಲೆಗಳ ಅಧ್ಯಾಪಕರಾದ ನಮಗೆ ಒಂದೇ ಪ್ರಶ್ನೆ ಹತ್ತಾರು ಬಾಯಿಂದ ಬರುತ್ತದೆ. "ಮಾಷ್ಟ್ರೇ, ಕಲ್ಲಿಕೋಟೆಯದ್ದೋ ಪರಿಯಾರದ್ದೋ ಸರಕಾರಿ ಸೀಟು ಸಿಗುವ ಅಂದಾಜು ಉಂಟು. ಮಂಗಳೂರಿನ ಖಾಸಗಿ ಕಾಲೇಜಿನಲ್ಲೂ ಒಂದು ದಾರಿ ಉಂಟು. ಯಾವುದು ಒಳ್ಳೇದು?" ಕೇಳುವವರು ನಮ್ಮ ಹಳೆ ವಿದ್ಯಾರ್ಥಿಗಳ ಹೆತ್ತವರು. ಒಂದನೇ ಕ್ಲಾಸಿನಲ್ಲಿ ನಮ್ಮೆದುರು ಸ್ಲೇಟು ಹಿಡಿದು ಕೂತ ಮಗು ಈಗ ಡಾಕ್ಟರಾಗಲು ಹೊರಟಿದೆ ಎಂದರೆ ನಮಗೂ ಹೆಮ್ಮೆಯೇ. ಆದರೆ ಪ್ರಶ್ನೆ ನಮ್ಮ ಹತ್ತಿರ ಬರುವ ಹೊತ್ತಿಗೆ ಉತ್ತರ ಮನೆಯಲ್ಲಿ ತೀರ್ಮಾನವಾಗಿರುತ್ತದೆ. ನಮ್ಮಿಂದ ಬೇಕಾದದ್ದು "ಹೌದು, ಮಂಗಳೂರೇ ಸರಿ" ಎಂಬ ಒಂದು ಒಪ್ಪಿಗೆ ಮಾತ್ರ.

ಆ ಒಪ್ಪಿಗೆಯನ್ನು ನಾವು ಕೊಡುವುದಿಲ್ಲ. ಯಾಕೆ ಕೊಡುವುದಿಲ್ಲ ಎಂಬುದನ್ನು ಒಮ್ಮೆ ಬಿಡಿಸಿ ಹೇಳಬೇಕು.

ಮಂಗಳೂರಿಗೆ ಕೊಡುವ ಕಾರಣಗಳನ್ನು ಮೊದಲು ಪಟ್ಟಿ ಮಾಡೋಣ. ಹತ್ತಿರ. ಶನಿವಾರ ಸಂಜೆ ಮನೆಗೆ ಬರಬಹುದು. ಊಟ ನಮ್ಮ ರುಚಿಯದ್ದು ಸಿಗುತ್ತದೆ. ಹಾಸ್ಟೆಲು ಚೆನ್ನಾಗಿದೆ, ಕಟ್ಟಡ ಹೊಳೆಯುತ್ತದೆ. ಸುತ್ತ ಮಾಲು, ಸಿನಿಮಾ, ಬೀಚು, ಐಸ್‌ಕ್ರೀಮ್. ನೆಂಟರ ಮನೆ ಇದೆ. ಕನ್ನಡ, ತುಳು ನಡೆಯುತ್ತದೆ. ಕಲ್ಲಿಕೋಟೆಗೆ ಕೊಡುವ ಕಾರಣ ಒಂದೇ, ಫೀಸು ಕಡಿಮೆ. ಅದನ್ನೂ ಸ್ವಲ್ಪ ನಾಚಿಕೆಯಿಂದಲೇ ಹೇಳುತ್ತಾರೆ, ಕಡಿಮೆ ಫೀಸಿನಲ್ಲಿ ಓದುವುದು ಮನೆತನಕ್ಕೆ ಕುಂದು ಎಂಬ ಹಾಗೆ!

ಈ ಎರಡು ಪಟ್ಟಿಗಳಲ್ಲಿಯೂ ಒಬ್ಬ ಮನುಷ್ಯ ಕಾಣಿಸುವುದೇ ಇಲ್ಲ. ಅವನು ರೋಗಿ. ಮೆಡಿಕಲ್ ಕಾಲೇಜು ಎಂದರೆ ಕ್ಲಾಸು ರೂಮು, ಹಾಸ್ಟೆಲು, ಕ್ಯಾಂಟೀನು ಅಷ್ಟೇ ಎಂದು ಲೆಕ್ಕ ಹಾಕುವುದರಲ್ಲಿಯೇ ನಮ್ಮವರು ಎಡವುತ್ತಿದ್ದಾರೆ. ಊರು ನೋಡಬೇಡಿ ಎಂದು ನಾವು ಹೇಳುವುದಿಲ್ಲ. ಊರನ್ನು ನೋಡಿಯೇ ಆರಿಸಿ. ಆದರೆ ಭಾನುವಾರ ತಿರುಗಾಡುವ ಊರನ್ನಲ್ಲ, ಉಳಿದ ಆರು ದಿನ ಮಗು ಯಾರ ಹಾಸಿಗೆಯ ಪಕ್ಕ ನಿಲ್ಲುತ್ತದೆಯೋ ಆ ಊರನ್ನು ನೋಡಿ. ನಮ್ಮ ವಾದ ಇಷ್ಟೇ.

"ಕನ್ನಡ ಮಾಷ್ಟ್ರುಗಳೇ ಮಕ್ಕಳನ್ನು ಮಲಯಾಳದ ಕಡೆ ಅಟ್ಟಿದರೆ ಇನ್ನು ಕನ್ನಡ ಉಳಿಯುವುದು ಹೇಗೆ?" ಎಂದು ಈಗಾಗಲೇ ಕೆಲವರು ಕುರ್ಚಿಯಿಂದ ಎದ್ದಿರಬಹುದು. ದಯವಿಟ್ಟು ಕುಳಿತುಕೊಳ್ಳಿ. ಆ ಮಾತಿಗೂ ಬರುತ್ತೇವೆ.

ಮೊದಲು "ಹತ್ತಿರ" ಎಂಬ ಕಾರಣವನ್ನು ನೋಡೋಣ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಮಂಜೇಶ್ವರದವರಿಗೆ ಇನ್ನೂ ಹತ್ತಿರ. ತಲಪಾಡಿ ದಾಟಿದರೆ ದೇರಳಕಟ್ಟೆಯ ಕಾಲೇಜುಗಳು ಹತ್ತಿರವೇ. ಕಲ್ಲಿಕೋಟೆ ರೈಲಿನಲ್ಲಿ 170-180 ಕಿಲೋಮೀಟರ್, ಮೂರು ಗಂಟೆಯ ಆಸುಪಾಸಿನ ದಾರಿ. ಅಂತರದ ಲೆಕ್ಕದಲ್ಲಿ ಮಂಗಳೂರು ಗೆದ್ದಿತು, ಒಪ್ಪಿದೆವು. ಆದರೆ ಗಡಿನಾಡಿನಲ್ಲಿ ಹತ್ತಿರ ಎಂಬುದನ್ನು ಕಿಲೋಮೀಟರ್ ಒಂದೇ ತೀರ್ಮಾನಿಸುವುದಿಲ್ಲ ಎಂಬುದು ನಮಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? 2020ರ ಮಾರ್ಚಿನಲ್ಲಿ ಕರ್ನಾಟಕ ಸರಕಾರ ಗಡಿ ಮುಚ್ಚಿತು. ರಸ್ತೆಗಳಿಗೆ ಮಣ್ಣು ಸುರಿದರು. ಡಯಾಲಿಸಿಸಿಗೆ, ಹೃದಯದ ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ನಮ್ಮ ಜನ ತಲಪಾಡಿಯಲ್ಲಿ ನಿಂತರು. ಆಸ್ಪತ್ರೆ ಮುಟ್ಟಲಾಗದೆ ಹಲವರು ಸತ್ತರು. ಪ್ರಕರಣ ಕೇರಳ ಹೈಕೋರ್ಟಿಗೆ ಹೋಯಿತು, ಸುಪ್ರೀಂ ಕೋರ್ಟಿಗೂ ಹೋಯಿತು. 2021ರಲ್ಲಿ ಕೇರಳದಿಂದ ಬರುವವರ ಕೈಯಲ್ಲಿ ಆರ್‌ಟಿಪಿಸಿಆರ್ ಚೀಟಿ ಇರಬೇಕು ಎಂದಾಯಿತು. ದಿನವೂ ಹೋಗಿ ಬಂದು ಓದುತ್ತಿದ್ದ ಮಕ್ಕಳು ಬ್ಯಾಗಿನಲ್ಲಿ ಪುಸ್ತಕದ ಜೊತೆ ಆ ಚೀಟಿಯನ್ನೂ ಇಟ್ಟುಕೊಂಡು ಚೆಕ್‌ಪೋಸ್ಟಿನಲ್ಲಿ ಸಾಲು ನಿಂತರು. ಇದನ್ನು ಮಂಗಳೂರಿನ ಜನರ ಮೇಲಿನ ದೂರಾಗಿ ಹೇಳುತ್ತಿಲ್ಲ. ಅವರು ನಮ್ಮ ನೆಂಟರೇ. ಗಡಿಯ ಆಚೆ ಇರುವ ಹತ್ತಿರ ಸರಕಾರದ ಒಂದು ಆದೇಶಕ್ಕೆ ದೂರವಾಗಿ ಬಿಡುತ್ತದೆ ಎಂಬುದು ನಾವು ಕಂಡುಂಡ ಸತ್ಯ.

ಇನ್ನೊಂದು ಮಾತು. ಎಂಬಿಬಿಎಸ್ ನಾಲ್ಕೂವರೆ ವರ್ಷದ ಓದು, ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ಮೊದಲ ವರ್ಷ ಹೆಣ ಕೊಯ್ದು ಕಲಿಯುವ ಅನಾಟಮಿ, ಆಮೇಲೆ ವಾರ್ಡು, ಕೊನೆಗೆ ರಾತ್ರಿ ಡ್ಯೂಟಿ. ಶನಿವಾರ ಸಂಜೆ ಮನೆಗೆ ಬಂದು ಅಮ್ಮನ ಕೈಯ ಪತ್ರೊಡೆ ತಿಂದು ಸೋಮವಾರ ಬೆಳಿಗ್ಗೆ ಹೋಗುವ ಓದು ಇದಲ್ಲ. ಮನೆ 50 ಕಿಲೋಮೀಟರ್ ದೂರದಲ್ಲಿದ್ದರೂ ಪರೀಕ್ಷೆ ಬಂದಾಗ, ಡ್ಯೂಟಿ ಬಿದ್ದಾಗ ಮಗು ಹಾಸ್ಟೆಲಿನಲ್ಲೇ ಇರಬೇಕು. ರಜೆ ಸಿಕ್ಕಿದಾಗ ಕಲ್ಲಿಕೋಟೆಯಲ್ಲಿ ರೈಲು ಹತ್ತಿದರೆ ಊರು ಮುಟ್ಟುವುದು ಕಷ್ಟವೇನಲ್ಲ. ಪರಶುರಾಮ್ ಎಕ್ಸ್‌ಪ್ರೆಸ್ ಇದೆ. 2023ರಿಂದ ವಂದೇ ಭಾರತ್ ಕೂಡ ಇದೆ. ಪರಿಯಾರವಾದರೆ ಅರ್ಧ ದಾರಿಯೂ ಅಲ್ಲ, ಪಯ್ಯನ್ನೂರಿನಲ್ಲಿ ಇಳಿದು ಬಸ್ಸು ಹಿಡಿದರಾಯಿತು.

ಈ "ಹತ್ತಿರ" ಎಂಬ ಕಾರಣ ಹುಡುಗರಿಗಿಂತ ಹುಡುಗಿಯರ ಮನೆಯಲ್ಲಿ ಜಾಸ್ತಿ ಕೇಳಿಸುತ್ತದೆ. ಮಗನಾದರೆ ಬೆಂಗಳೂರು, ದೆಹಲಿ, ಬೇಕಾದರೆ ರಷ್ಯಾ. ಮಗಳಾದರೆ ಮಂಗಳೂರು ದಾಟಬಾರದು. ಪ್ಲಸ್ ಟು ತನಕ ಕ್ಲಾಸಿಗೇ ಮೊದಲು ಬಂದ ಹುಡುಗಿಗೆ ಸರಕಾರಿ ಸೀಟು ಸಿಕ್ಕಿದ ಮೇಲೂ "ಅಷ್ಟು ದೂರ ಒಬ್ಬಳೇ ಹೇಗೆ?" ಎಂದು ಕೇಳುವವರಿಗೆ ನಮ್ಮದೊಂದು ಮರುಪ್ರಶ್ನೆ. ನಾಳೆ ರಾತ್ರಿ ಎರಡು ಗಂಟೆಗೆ ಕ್ಯಾಜುವಾಲ್ಟಿಯಲ್ಲಿ ಅಪಘಾತದ ಕೇಸನ್ನು ಅವಳು ಒಬ್ಬಳೇ ನೋಡಬೇಕು. ಅದಕ್ಕೆ ನಿಮ್ಮ ಒಪ್ಪಿಗೆ ಉಂಟು. ಆ ಧೈರ್ಯ ಕಲಿಯಲು ಮೂರು ಗಂಟೆಯ ರೈಲು ಪ್ರಯಾಣಕ್ಕೆ ಒಪ್ಪಿಗೆ ಇಲ್ಲ. ಇದು ಯಾವ ನ್ಯಾಯ?

ಎರಡನೆಯದು ಸೌಕರ್ಯ ಮತ್ತು ಪೇಟೆಯ ಬದುಕು. ಕಾಲೇಜು ಆರಿಸುವಾಗ ಹದಿನೆಂಟು ವರ್ಷದ ಹುಡುಗ ಬೀಚು, ಮಾಲು ನೋಡಿದರೆ ನಮಗೆ ಬೇಸರವಿಲ್ಲ, ಅದು ಆ ವಯಸ್ಸು. ಆದರೆ ಐವತ್ತು ದಾಟಿದ ತಂದೆಯೂ ಹಾಸ್ಟೆಲಿನ ಟೈಲ್ಸು ಮುಟ್ಟಿ ನೋಡಿ ಕಾಲೇಜು ಒಳ್ಳೆಯದು ಎನ್ನುವುದಕ್ಕೆ ಏನು ಹೇಳೋಣ? ಹಾಗೆ ನೋಡಿದರೂ ಕಲ್ಲಿಕೋಟೆ ಏನು ಕಾಡೇ? ಅಲ್ಲಿಯೂ ಕಡಲಿದೆ, ಮಿಠಾಯಿ ಬೀದಿ ಇದೆ, ನಾಟಕ, ಸಂಗೀತ, ಸಿನಿಮಾ, ಫುಟ್‌ಬಾಲ್ ಇದೆ. 2023ರಲ್ಲಿ ಯುನೆಸ್ಕೋ ಭಾರತದ ಮೊದಲ ಸಾಹಿತ್ಯ ನಗರ ಎಂದು ಗುರುತಿಸಿದ್ದು ಈ ಕಲ್ಲಿಕೋಟೆಯನ್ನು. ಊಟದ ಮಾತಿಗೆ ಬಂದರೆ ಕುಚ್ಚಲಕ್ಕಿ ಅನ್ನ ಅಲ್ಲಿಯೂ ಬೇಯುತ್ತದೆ. ಸಸ್ಯಾಹಾರದ ಮನೆಯ ಮಕ್ಕಳಿಗೆ ಮೊದಮೊದಲು ಸ್ವಲ್ಪ ಕಷ್ಟವಾದೀತು. ಆದರೆ ತೆಂಗು, ಬಾಳೆ, ಹಲಸು ಬೆಳೆಯುವ ಊರಿನಲ್ಲಿ ಯಾರೂ ಹಸಿದು ಸತ್ತದ್ದಿಲ್ಲ.

ಹಾಗಾದರೆ ನೋಡಬೇಕಾದ್ದು ಏನನ್ನು? ಕಾಲೇಜಿನ ಗೇಟಿನ ಬದಲು ಆಸ್ಪತ್ರೆಯ ಒ.ಪಿ. ಎದುರು ಒಂದು ಬೆಳಿಗ್ಗೆ ನಿಲ್ಲಿ. ಚೀಟಿಗಾಗಿ ನಿಂತ ಸಾಲನ್ನು ನೋಡಿ. ಯಾವ ಯಾವ ಊರಿನವರು, ಎಂಥೆಂಥ ಕಾಯಿಲೆಯವರು ಬಂದಿದ್ದಾರೆ ಎಂದು ಕೇಳಿ. ವಾರ್ಡಿನಲ್ಲಿ ಹಾಸಿಗೆ ತುಂಬಿದೆಯೋ ಖಾಲಿ ಇದೆಯೋ ನೋಡಿ. ಇಂಟರ್ನ್‌ಶಿಪ್ ಮಾಡುವ ಮಕ್ಕಳನ್ನು ಹಿಡಿದು "ನೀವು ಎಷ್ಟು ಹೆರಿಗೆ ಮಾಡಿಸಿದ್ದೀರಿ? ಎಷ್ಟು ಗಾಯಕ್ಕೆ ಹೊಲಿಗೆ ಹಾಕಿದ್ದೀರಿ? ಪ್ರೊಫೆಸರರು ವಾರ್ಡಿಗೆ ಬಂದು ಪಾಠ ಹೇಳುತ್ತಾರಾ?" ಎಂದು ಕೇಳಿ. ಈ ಪ್ರಶ್ನೆಗಳಿಗೆ ಬರುವ ಉತ್ತರದಲ್ಲಿ ಕಾಲೇಜು ಇದೆ. ಉಳಿದದ್ದು ಬಣ್ಣ.

ಕಲ್ಲಿಕೋಟೆ ಮೆಡಿಕಲ್ ಕಾಲೇಜು ಶುರುವಾದದ್ದು 1957ರಲ್ಲಿ. ಮಲಬಾರಿನ ಅಷ್ಟೂ ಜಿಲ್ಲೆಗಳ ಕಷ್ಟದ ಕೇಸುಗಳು ಕೊನೆಗೆ ಮುಟ್ಟುವುದು ಅಲ್ಲಿಗೆ. ವಯನಾಡಿನ ಗುಡ್ಡದಿಂದ, ಮಲಪ್ಪುರದಿಂದ, ನಮ್ಮ ಜಿಲ್ಲೆಯಿಂದಲೂ ಜನ ಹೋಗುತ್ತಾರೆ. ವರಾಂಡದಲ್ಲಿ ಚಾಪೆ ಹಾಸಿ ಮಲಗಿದವರೂ ಇರುತ್ತಾರೆ. ನೋಡಲು ಚಂದವಿಲ್ಲ, ನಿಜ. ಸರಕಾರ ಅದನ್ನು ಸರಿಪಡಿಸಬೇಕು, ಅದೂ ನಿಜ. ಆದರೆ ಪುಸ್ತಕದಲ್ಲಿ ಓದಿದ ಕಾಯಿಲೆಯನ್ನು ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ ಕಲಿಯುವ ಅವಕಾಶ ಇರುವುದು ಅಂಥ ಕಡೆಯಲ್ಲಿಯೇ. ಪರಿಯಾರದ್ದು ಇನ್ನೊಂದು ಕಥೆ. ಹಿಂದೆ ಕ್ಷಯರೋಗಿಗಳ ಸ್ಯಾನಟೋರಿಯಂ ಇದ್ದ ಜಾಗ, ಆಮೇಲೆ ಸಹಕಾರಿ ಮೆಡಿಕಲ್ ಕಾಲೇಜು, 2018ರಲ್ಲಿ ಸರಕಾರ ವಹಿಸಿಕೊಂಡಿತು. ಕಾಸರಗೋಡಿನ ಬಡವರು ಆಂಬುಲೆನ್ಸ್ ಹತ್ತಿ ಓಡುವುದು ಎಷ್ಟೋ ಸಲ ಅಲ್ಲಿಗೇ.

ಮಂಗಳೂರಿನವರಿಗೆ ಅನ್ಯಾಯ ಮಾಡಬಾರದು. ಅಲ್ಲಿಯ ವೆನ್ಲಾಕ್ ಆಸ್ಪತ್ರೆ 1848ರದ್ದು. 1955ರಲ್ಲಿ ಶುರುವಾದ ಅಲ್ಲಿನ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಮಕ್ಕಳು ವೆನ್ಲಾಕಿನಲ್ಲಿ, ಲೇಡಿ ಗೋಷನ್ ಹೆರಿಗೆ ಆಸ್ಪತ್ರೆಯಲ್ಲಿ ಬಡ ರೋಗಿಗಳ ಪಕ್ಕ ನಿಂತೇ ಕಲಿತರು, ಈಗಲೂ ಕಲಿಯುತ್ತಾರೆ. ಅಲ್ಲಿಂದ ಬಂದ ಒಳ್ಳೆಯ ಡಾಕ್ಟರುಗಳ ಕೈಯಿಂದ ನಮ್ಮ ಎಷ್ಟೋ ಮನೆಗಳ ದೀಪ ಉಳಿದಿದೆ. ಆದ್ದರಿಂದ ಮಂಗಳೂರು ಕೆಟ್ಟದ್ದು, ಕಲ್ಲಿಕೋಟೆ ಒಳ್ಳೆಯದು ಎಂಬ ವಾದ ನಮ್ಮದಲ್ಲ. ಮಂಗಳೂರನ್ನೇ ಆರಿಸುವುದಾದರೂ ವೆನ್ಲಾಕಿನಂಥ ವಾರ್ಡು ಎಲ್ಲಿ ಸಿಗುತ್ತದೆ ಎಂದು ನೋಡಿ ಆರಿಸಿ, ಮಾಲಿಗೆ ಎಷ್ಟು ಹತ್ತಿರ ಎಂದು ನೋಡಿ ಅಲ್ಲ.

2018ರ ಮೇ ತಿಂಗಳನ್ನು ನೆನಪಿಸಿಕೊಳ್ಳಿ. ಕಲ್ಲಿಕೋಟೆ ಜಿಲ್ಲೆಯ ಪೇರಾಂಬ್ರದ ಕಡೆ ನಿಫಾ ಕಾಣಿಸಿಕೊಂಡಿತು. ರೋಗಿಗಳ ಆರೈಕೆ ಮಾಡಿದ ಪೇರಾಂಬ್ರ ತಾಲೂಕು ಆಸ್ಪತ್ರೆಯ ನರ್ಸ್ ಲಿನಿ ಪ್ರಾಣ ಕೊಟ್ಟರು. ಕಲ್ಲಿಕೋಟೆ ಮೆಡಿಕಲ್ ಕಾಲೇಜಿನ ಡಾಕ್ಟರುಗಳು, ನರ್ಸುಗಳು ಆ ಬೆಂಕಿಯ ನಡುವೆ ನಿಂತು ಕೆಲಸ ಮಾಡಿದರು. ರೋಗಿಯ ಮಾದರಿ ಪರೀಕ್ಷೆಗೆ ಹೋದದ್ದು ಎಲ್ಲಿಗೆ? ಮಣಿಪಾಲದ ವೈರಸ್ ಪ್ರಯೋಗಾಲಯಕ್ಕೆ. ನಿಫಾ ಇರಬಹುದೆಂದು ಅಲ್ಲಿ ಗುರುತಿಸಿದರು, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ದೃಢಪಡಿಸಿತು. ರೋಗಕ್ಕೆ ರಾಜ್ಯದ ಗಡಿ ಗೊತ್ತಿಲ್ಲ, ವೈದ್ಯಶಾಸ್ತ್ರಕ್ಕೂ ಗೊತ್ತಿಲ್ಲ. ಆಪ್ಷನ್ ಕೊಡುವಾಗ ನಮಗೆ ಮಾತ್ರ ತಲಪಾಡಿಯ ಗೇಟು ಯಾಕೆ ಅಷ್ಟು ದೊಡ್ಡದಾಗಿ ಕಾಣಬೇಕು?

ಇನ್ನು ಭಾಷೆಯ ಮಾತು. ಇಲ್ಲಿಯೇ ನಮ್ಮವರ ನಿಜವಾದ ಅಳುಕು ಇರುವುದು. "ಕನ್ನಡ ಮೀಡಿಯಮ್ಮಿನ ಮಗು. ಮಲಯಾಳ ಸರಿ ಬರುವುದಿಲ್ಲ. ಅಲ್ಲಿ ನಗೆಪಾಟಲಾದರೆ?" ಈ ಅಳುಕನ್ನು ನಾವು ತಮಾಷೆ ಮಾಡುವುದಿಲ್ಲ. ಕನ್ನಡ ಶಾಲೆಯ ಮಗುವಿಗೆ ದಾರಿಯುದ್ದಕ್ಕೂ ಕಲ್ಲುಗಳಿವೆ ಎಂಬುದು ನಮಗೆ ಗೊತ್ತು. 2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ಇದೆ. ಆದರೆ ಕನ್ನಡದ ಪ್ರಶ್ನೆಪತ್ರಿಕೆ ಬೇಕಾದರೆ ಕರ್ನಾಟಕದ ಕೇಂದ್ರವನ್ನೇ ಆರಿಸಬೇಕು. ಕಾಸರಗೋಡಿನ ಕೇಂದ್ರದಲ್ಲಿ ಕೂತ ಕನ್ನಡದ ಮಗುವಿಗೆ ಆ ಸೌಲಭ್ಯ ಇಲ್ಲ. ಭಾಷಾ ಅಲ್ಪಸಂಖ್ಯಾತರ ಪ್ರದೇಶ ಎಂದು ಬಾಯಲ್ಲಿ ಹೇಳುವವರು ಇದನ್ನು ಸರಿಪಡಿಸಲು ಎಷ್ಟು ಸಲ ಬಾಯಿ ತೆರೆದಿದ್ದಾರೆ?

ಆದರೆ ಮೆಡಿಕಲ್ ಕಾಲೇಜಿನ ಒಳಗೆ ಹೋದ ಮೇಲೆ ಲೆಕ್ಕ ಬೇರೆ. ಪಾಠ ಮಂಗಳೂರಿನಲ್ಲಿಯೂ ಇಂಗ್ಲಿಷು, ಕಲ್ಲಿಕೋಟೆಯಲ್ಲಿಯೂ ಇಂಗ್ಲಿಷು. ಆ ಕಷ್ಟ ಎರಡು ಕಡೆಯೂ ಒಂದೇ ತೂಕದ್ದು. ರೋಗಿಯ ಭಾಷೆ ಮಾತ್ರ ಬೇರೆ. ಮಂಗಳೂರಿನಲ್ಲಿ ಅಜ್ಜಿ "ಬಂಜಿಬೇನೆ" ಎನ್ನುತ್ತಾಳೆ, ಕಲ್ಲಿಕೋಟೆಯಲ್ಲಿ ಉಮ್ಮ "ವಯರು ವೇದನ" ಎನ್ನುತ್ತಾಳೆ. ನಮ್ಮ ಮಗುವಿಗೆ ಮೊದಲನೆಯದು ಹುಟ್ಟಿನಿಂದ ಗೊತ್ತು, ಎರಡನೆಯದು ಬಸ್ಸಿನಲ್ಲಿ, ಸಂತೆಯಲ್ಲಿ, ರೇಷನ್ ಅಂಗಡಿಯಲ್ಲಿ ಅರ್ಧ ಗೊತ್ತು. ಉಳಿದರ್ಧ ಕಲಿಯಲು ಆರು ತಿಂಗಳು ಸಾಕು. ರೋಗಿಯ ಭಾಷೆ ಬಾರದ ವಿದ್ಯಾರ್ಥಿಗೆ ಅದನ್ನು ಕಲಿಸಬೇಕೆಂದು 2019ರ ಎಂಬಿಬಿಎಸ್ ಪಠ್ಯಕ್ರಮವೇ ಹೇಳಿದೆ. ಓದಿನ ಆರಂಭದಲ್ಲಿ ಬರುವ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಯ ಕಲಿಕೆಯೂ ಸೇರಿದೆ. ಉತ್ತರ ಭಾರತದಿಂದ ಮಂಗಳೂರಿಗೆ ಬರುವ ಮಕ್ಕಳು ಕನ್ನಡ ಅಕ್ಷರದಿಂದ ಶುರುಮಾಡಿ ಕಲಿಯುವುದಿಲ್ಲವೇ? ತುಳು, ಕನ್ನಡ, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳಗಳ ನಡುವೆ ಬೆಳೆದ ನಮ್ಮ ಮಕ್ಕಳಿಗೆ ಅದು ಆಗದೇ?

ನಮ್ಮ ಜಿಲ್ಲೆಯ ಆಸ್ಪತ್ರೆಗಳ ಸ್ಥಿತಿ ನೋಡಿದರೆ ಈ ಮಾತಿನ ಬೆಲೆ ಗೊತ್ತಾಗುತ್ತದೆ. ಮಂಜೇಶ್ವರ, ಎಣ್ಮಕಜೆ, ಬದಿಯಡ್ಕದ ಕಡೆಯ ಅಜ್ಜಿಗೆ ಮಲಯಾಳ ಬಾರದು, ತೆಕ್ಕಿನಿಂದ ಬಂದ ಡಾಕ್ಟರಿಗೆ ತುಳು, ಕನ್ನಡ ಬಾರದು. ನಡುವೆ ನಿಂತು ನರ್ಸೋ ಪಕ್ಕದ ಹಾಸಿಗೆಯವರೋ ಅನುವಾದ ಮಾಡಬೇಕು. ಹೆಂಗಸರ ಕಾಯಿಲೆಯನ್ನು ಮೂರನೆಯವರ ಬಾಯಿಂದ ಹೇಳಿಸುವ ಸಂಕಟ ಅನುಭವಿಸಿದವರಿಗೇ ಗೊತ್ತು. ಈ ಜಿಲ್ಲೆಗೆ ಬೇಕಾದ್ದು ಎರಡು ಕಡೆಯ ಮಾತೂ ಗೊತ್ತಿರುವ ಡಾಕ್ಟರು. ಕನ್ನಡ ಶಾಲೆಯಲ್ಲಿ ಓದಿ, ಮಲಯಾಳದ ವಾರ್ಡಿನಲ್ಲಿ ಪಳಗಿ ಬಂದವನಿಗಿಂತ ಒಳ್ಳೆಯ ಡಾಕ್ಟರು ನಮಗೆ ಎಲ್ಲಿಂದ ಸಿಗಬೇಕು?

ಈಗ ಕುರ್ಚಿಯಿಂದ ಎದ್ದವರ ಪ್ರಶ್ನೆಗೆ ಬರೋಣ. ಕನ್ನಡದ ಗತಿ ಏನು? 1956ರ ನವೆಂಬರ್ 1ರಂದು ನಮ್ಮನ್ನು ಕೇರಳಕ್ಕೆ ಸೇರಿಸಿದರು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದಿತು, ಜಾರಿಯಾಗಲಿಲ್ಲ. ಆ ನೋವು ನಮ್ಮ ಹಿರಿಯರದ್ದು, ನಮ್ಮದೂ ಹೌದು. ಕೇರಳದ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಎಂದು 2017ರಲ್ಲಿ ಕಾನೂನು ಬಂದಾಗ ಬೀದಿಗೆ ಇಳಿದವರಲ್ಲಿ ಅಧ್ಯಾಪಕರೂ ಇದ್ದರು. ಕಡ್ಡಾಯಕ್ಕೆ ನಮ್ಮ ವಿರೋಧ ಈಗಲೂ ಇದೆ. ಆದರೆ ಸರಕಾರದ ಜೊತೆಗಿನ ಜಗಳ ಬೇರೆ, ಭಾಷೆಯ ಜೊತೆಗಿನ ಜಗಳ ಬೇರೆ. ಸರಕಾರದ ಮೇಲಿನ ಸಿಟ್ಟನ್ನು ಮಕ್ಕಳ ಆಪ್ಷನ್ ಪಟ್ಟಿಯಲ್ಲಿ ತೀರಿಸಿಕೊಳ್ಳಬಾರದು. ಮಲಯಾಳ ಕಲಿತ ಮಾತ್ರಕ್ಕೆ ಕನ್ನಡ ಮರೆತು ಹೋಗುವುದಾದರೆ ಆ ಕನ್ನಡವನ್ನು ನಾವು ಗಟ್ಟಿಯಾಗಿ ಕಲಿಸಿಲ್ಲ ಎಂದೇ ಅರ್ಥವಾಗುತ್ತದೆ. ನಮ್ಮ ಮಕ್ಕಳ ಕನ್ನಡ ಅಷ್ಟು ತೆಳ್ಳಗಿನದ್ದಲ್ಲ ಎಂಬ ನಂಬಿಕೆ ನಮಗಿದೆ. ಮೇಲಾಗಿ, ಮಂಗಳೂರಿನಲ್ಲಿ ಓದಿದವರೆಲ್ಲ ಕನ್ನಡ ಉಳಿಸಿದ್ದಾರೆಯೇ? ತಮ್ಮ ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸಿದ ಡಾಕ್ಟರುಗಳು ಎಷ್ಟು ಮಂದಿ, ಬೆರಳು ಮಡಚಿ ಎಣಿಸಿ ನೋಡಿ.

ಫೀಸಿನ ಮಾತನ್ನು ನಾಚಿಕೆ ಬಿಟ್ಟು ಆಡೋಣ. ಕೇರಳದ ಸರಕಾರಿ ಮೆಡಿಕಲ್ ಕಾಲೇಜಿನಲ್ಲಿ ವರ್ಷದ ಬೋಧನಾ ಶುಲ್ಕ ಸಾವಿರಗಳ ಲೆಕ್ಕದಲ್ಲಿ ಮುಗಿಯುತ್ತದೆ. ಡೀಮ್ಡ್ ವಿಶ್ವವಿದ್ಯಾನಿಲಯದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಮೇಲೆ. ಅದನ್ನು ನಾಲ್ಕೂವರೆ ವರ್ಷಕ್ಕೆ ಗುಣಿಸಿ, ಹಾಸ್ಟೆಲು, ಊಟ, ಪುಸ್ತಕ ಸೇರಿಸಿ, ಸಾಲದ ಬಡ್ಡಿಯನ್ನೂ ಕೂಡಿಸಿ. ಐದನೇ ಕ್ಲಾಸಿನ ಗಣಿತ ಸಾಕು. ಅಡಿಕೆ ತೋಟಕ್ಕೆ ಎಲೆಚುಕ್ಕೆ ರೋಗ, ತೆಂಗಿಗೆ ಕಾಂಡ ಸೋರುವ ರೋಗ, ರಬ್ಬರಿನ ಕ್ರಯ ಇವತ್ತು ಇದ್ದದ್ದು ನಾಳೆ ಇಲ್ಲ. ಆ ತೋಟವನ್ನು ಅಡವಿಟ್ಟು ಓದಿಸುವುದು ಏತಕ್ಕೆ? ವಾರಕ್ಕೊಮ್ಮೆ ಮಗು ಮನೆಗೆ ಬರಲಿ ಎಂದು!

ಹೀಗೆ ಮಾಡಿದ ಸಾಲ ತಂದೆಯ ಹೆಗಲ ಮೇಲೆ ಮಾತ್ರ ಉಳಿಯುವುದಿಲ್ಲ. ಓದು ಮುಗಿದ ದಿನ ಅದು ಮಗುವಿನ ಹೆಗಲಿಗೆ ದಾಟುತ್ತದೆ. ಆ ಮಗು ಪೆರ್ಲದಲ್ಲೋ ಅಡೂರಿನಲ್ಲೋ ಕ್ಲಿನಿಕ್ ಇಟ್ಟು ಬಡವರಿಂದ ನೂರು ರೂಪಾಯಿ ತೆಗೆದುಕೊಂಡು ಕೂರಲು ಸಾಧ್ಯವೇ? ಬ್ಯಾಂಕಿನ ಕಂತು ಬಿಡುತ್ತದೆಯೇ? ದೊಡ್ಡ ನಗರದ ದೊಡ್ಡ ಆಸ್ಪತ್ರೆಗೆ, ಇಲ್ಲವೇ ಗಲ್ಫಿಗೆ ಹೋಗಲೇಬೇಕು. ಐದೂವರೆ ವರ್ಷ ಮಗು ಹತ್ತಿರ ಇರಲಿ ಎಂದು ಮಾಡಿದ ಸಾಲ ಮುಂದಿನ ಮೂವತ್ತು ವರ್ಷ ಮಗುವನ್ನು ದೂರ ಇಡುತ್ತದೆ. ಹತ್ತಿರದ ಆಸೆಗೆ ಬಿದ್ದವರು ಇದನ್ನು ಯೋಚಿಸಿದ್ದಾರೆಯೇ?

ಡಾಕ್ಟರು ಊರಿನಲ್ಲಿ ಕೂತರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಗೇರು ತೋಟಗಳ ಮೇಲೆ ಸುಮಾರು ಇಪ್ಪತ್ತು ವರ್ಷ, 2000ದ ತನಕ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಎಣ್ಮಕಜೆ ಪಂಚಾಯತಿನ ಪಡ್ರೆಯ ಕಡೆ ಒಂದರ ಹಿಂದೆ ಒಂದು ಮನೆಯಲ್ಲಿ ವಿಚಿತ್ರ ಕಾಯಿಲೆಗಳು ಕಾಣಿಸಿಕೊಳ್ಳುತ್ತಿವೆ ಎಂದು ಗುರುತಿಸಿದವರು ಯಾರು? ಅಲ್ಲೇ ಹಳ್ಳಿಯಲ್ಲಿ ಚಿಕಿತ್ಸೆ ಕೊಡುತ್ತಿದ್ದ ಡಾ. ವೈ.ಎಸ್. ಮೋಹನ್ ಕುಮಾರ್. ಪತ್ರಕರ್ತ ಶ್ರೀಪಡ್ರೆಯವರು ಅದನ್ನು ಹೊರ ಪ್ರಪಂಚಕ್ಕೆ ಹೇಳಿದರು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಎಂಡೋಸಲ್ಫಾನನ್ನು ತಡೆಯಿತು. ನಗರದ ಆಸ್ಪತ್ರೆಯಲ್ಲಿ ಕೂತ ತಜ್ಞರಿಗೆ ಆ ರೋಗಿಗಳು ಬಿಡಿಬಿಡಿಯಾಗಿ ಕಾಣುತ್ತಿದ್ದರು. ಹಳ್ಳಿಯ ಡಾಕ್ಟರಿಗೆ ಅವರೆಲ್ಲ ಒಂದೇ ಊರಿನವರು ಎಂಬುದು ಕಂಡಿತು. ಊರು ಗೊತ್ತು, ಮನೆ ಗೊತ್ತು, ಮಾತು ಗೊತ್ತು, ಆದ್ದರಿಂದ ಕಂಡಿತು. ಡಾಕ್ಟರಿಗೆ ಊರು ಮುಖ್ಯ ಎಂದು ನಾವು ಹೇಳುವುದು ಈ ಅರ್ಥದಲ್ಲಿ.

ಇನ್ನೊಂದು ಹೆಸರನ್ನು ಆಪ್ಷನ್ ಪಟ್ಟಿಯಲ್ಲಿ ನಮ್ಮವರು ಬರೆಯಲು ಹಿಂಜರಿಯುತ್ತಾರೆ. ಉಕ್ಕಿನಡ್ಕ. 2013ರ ನವೆಂಬರಿನಲ್ಲಿ ಕಾಸರಗೋಡು ಸರಕಾರಿ ಮೆಡಿಕಲ್ ಕಾಲೇಜಿಗೆ ಅಲ್ಲಿ ಶಿಲಾನ್ಯಾಸವಾಯಿತು. ಆಮೇಲೆ ವರ್ಷಗಟ್ಟಲೆ ಕಂಬ, ಗೋಡೆ, ಭರವಸೆ. 2020ರಲ್ಲಿ ಗಡಿ ಮುಚ್ಚಿದಾಗ ಅರೆಬರೆ ಕಟ್ಟಡವನ್ನೇ ಕೋವಿಡ್ ಆಸ್ಪತ್ರೆ ಮಾಡಬೇಕಾಯಿತು. ಕೊನೆಗೆ 2025ರ ಸೆಪ್ಟೆಂಬರಿನಲ್ಲಿ 50 ಎಂಬಿಬಿಎಸ್ ಸೀಟುಗಳಿಗೆ ಅನುಮತಿ ಸಿಕ್ಕಿತು. ಶಿಲಾನ್ಯಾಸವಾದ ವರ್ಷ ಒಂದನೇ ಕ್ಲಾಸಿಗೆ ಸೇರಿದ ಮಗು ಪ್ಲಸ್ ಟು ಮುಗಿಸಿದ ಹೊತ್ತಿಗೆ ಮೆಡಿಕಲ್ ಕಾಲೇಜು ಬಾಗಿಲು ತೆರೆಯಿತು! ಹಿತ್ತಿಲ ಗಿಡ ಮದ್ದಲ್ಲ ಎಂಬ ಗಾದೆ ಇದಕ್ಕೇ ಹುಟ್ಟಿದ ಹಾಗಿದೆ. "ಉಕ್ಕಿನಡ್ಕವಾ? ಅಲ್ಲೇನಿದೆ, ಗುಡ್ಡ" ಎಂದು ನಮ್ಮವರೇ ಮೂಗು ಮುರಿಯುತ್ತಾರೆ.

ಹೊಸ ಕಾಲೇಜಿನ ಕೊರತೆಗಳನ್ನು ನಾವು ಮುಚ್ಚಿಡುವುದಿಲ್ಲ. ವಾರ್ಡು ತುಂಬಬೇಕು, ಪ್ರೊಫೆಸರರು ಬರಬೇಕು, ಬಂದವರು ಉಳಿಯಬೇಕು. ಕಲ್ಲಿಕೋಟೆಯ ಸೀಟು ಸಿಗುವ ಮಗು ಅದನ್ನು ಬಿಟ್ಟು ಉಕ್ಕಿನಡ್ಕಕ್ಕೆ ಬರಲಿ ಎಂದು ಹೇಳುವಷ್ಟು ನಿಷ್ಠುರ ನಾವಲ್ಲ. ಆದರೆ ಸಾಲ ಮಾಡಿ ಹೊರಗೆ ಹೋಗುವ ಮುಂಚೆ ಈ ಹೆಸರನ್ನೂ ತಕ್ಕಡಿಗೆ ಹಾಕಿ. "ಹತ್ತಿರ" ಎಂಬುದೇ ನಿಮ್ಮ ಕಾರಣವಾದರೆ ಇದಕ್ಕಿಂತ ಹತ್ತಿರ ಯಾವುದಿದೆ? ನಮ್ಮ ರೋಗಿಗಳು, ನಮ್ಮ ಮಕ್ಕಳು ಅಲ್ಲಿಗೆ ಹೋದರೆ ತಾನೇ ಅಲ್ಲಿಯ ಕೊರತೆಯನ್ನು ಕೇಳಲು ನಮಗೆ ಬಾಯಿ ಬರುವುದು? ಎಲ್ಲರೂ ತಲಪಾಡಿ ದಾಟಿ ಹೋದರೆ ಸರಕಾರವೂ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತದೆ.

ಹಾಗಾದರೆ ಮಂಗಳೂರನ್ನು ಆರಿಸುವವರೆಲ್ಲ ತಪ್ಪೇ? ಅಲ್ಲ. ಕರ್ನಾಟಕದ ಪರೀಕ್ಷಾ ಪ್ರಾಧಿಕಾರದ ನಿಯಮಗಳಲ್ಲಿ ಗಡಿನಾಡ ಕನ್ನಡಿಗರಿಗೆ ಒಂದು ಬಾಗಿಲಿದೆ. ಗಡಿನಾಡಿನಲ್ಲಿ ಓದಿದ ದಾಖಲೆ, ಮಾತೃಭಾಷೆಯ ಪ್ರಮಾಣಪತ್ರ ಒದಗಿಸಿ, ಕನ್ನಡ ಪರೀಕ್ಷೆ ಬರೆದು ಆ ದಾರಿಯಲ್ಲಿ ಅಲ್ಲಿಯ ಸರಕಾರಿ ಸೀಟು ಪಡೆದರೆ ಸಂತೋಷ. ಕನ್ನಡ ಶಾಲೆಯಲ್ಲಿ ಓದಿದ್ದಕ್ಕೆ ಸಿಕ್ಕ ಹಕ್ಕು ಅದು, ಬಿಡಬೇಡಿ. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ ಇದ್ದು, ನೋಡಿಕೊಳ್ಳಲು ಮಗು ಹತ್ತಿರ ಇರಲೇಬೇಕು ಎಂದಾದರೆ ಅದೂ ನ್ಯಾಯವಾದ ಕಾರಣ. ಆದರೆ ಸರಕಾರಿ ಸೀಟನ್ನು ಕೈಯಾರೆ ಬಿಟ್ಟು, ಪೇಟೆಯ ಬದುಕು ಚಂದ ಎಂದು ಲಕ್ಷ ಲಕ್ಷ ಸುರಿಯುವುದನ್ನು ಮಾತ್ರ ನಾವು ಸರಿ ಎನ್ನಲಾರೆವು.

ಶಾಲೆಗಳ ಪಾಲಿನ ಕೆಲಸವೂ ಇದೆ, ಅದನ್ನು ನಮ್ಮ ಸಹೋದ್ಯೋಗಿಗಳಿಗೆ ಹೇಳುತ್ತಿದ್ದೇವೆ. ಪ್ರತಿ ಕನ್ನಡ ಹೈಸ್ಕೂಲಿನಲ್ಲಿ ಡಾಕ್ಟರು, ನರ್ಸು, ಲ್ಯಾಬ್ ಟೆಕ್ನಿಷಿಯನ್ ಆದ ಹಳೆ ವಿದ್ಯಾರ್ಥಿಗಳ ಒಂದು ಪಟ್ಟಿ ಇರಲಿ. ವರ್ಷಕ್ಕೊಮ್ಮೆ ಅವರನ್ನು ಕರೆದು ಮಕ್ಕಳ ಜೊತೆ ಮಾತಾಡಿಸೋಣ, ಕಲ್ಲಿಕೋಟೆಯಲ್ಲಿ ಓದಿದವರನ್ನೂ ಮಂಗಳೂರಿನಲ್ಲಿ ಓದಿದವರನ್ನೂ. ಪ್ರವಾಸಕ್ಕೆ ವಾಟರ್ ಪಾರ್ಕಿಗೆ ಹೋಗುವ ಬದಲು ಒಂದು ಸಲ ಪರಿಯಾರಕ್ಕೆ ಹೋಗೋಣ. ಮಲಯಾಳ ಓದಲು ಬರೆಯಲು ಬೇಕಾದವರಿಗೆ ಬೇಸಗೆ ರಜೆಯಲ್ಲಿ ಪ್ರೀತಿಯಿಂದ ಕಲಿಸೋಣ. ಕಾಸರಗೋಡಿನ ನೀಟ್ ಕೇಂದ್ರದಲ್ಲೇ ಕನ್ನಡ ಪ್ರಶ್ನೆಪತ್ರಿಕೆ ಕೊಡಿ ಎಂದು ಪ್ರತಿ ಪಿ.ಟಿ.ಎ.ಯಿಂದ ಒಂದೊಂದು ಮನವಿ ಹೋಗಲಿ. ಇಷ್ಟು ಮಾಡಿದರೆ ಮಕ್ಕಳ ಮನಸ್ಸಿನ ಅರ್ಧ ಹೆದರಿಕೆ ಹೋಗುತ್ತದೆ. ಹೆತ್ತವರ ಹೆದರಿಕೆ ಹೋಗಲು ಸ್ವಲ್ಪ ಹೆಚ್ಚು ದಿನ ಬೇಕಾದೀತು.

ಕೊನೆಯದಾಗಿ ಆಪ್ಷನ್ ಕೊಡುವ ಮನೆಗಳಿಗೆ ಒಂದು ವಿನಂತಿ. ಕಂಪ್ಯೂಟರಿನಲ್ಲಿ ಕಾಲೇಜಿನ ಹೆಸರು ಒತ್ತುವ ಮುಂಚೆ ಮಗುವನ್ನು ಕರೆದುಕೊಂಡು ಎರಡೂ ಆಸ್ಪತ್ರೆಗಳಿಗೆ ಒಂದೊಂದು ದಿನ ಹೋಗಿ ಬನ್ನಿ. ಹಾಸ್ಟೆಲು ಕೊನೆಗೆ ನೋಡಿ, ವಾರ್ಡು ಮೊದಲು ನೋಡಿ. ರೋಗಿಗಳ ಜೊತೆ ಮಾತಾಡಿ. ಆಮೇಲೆ ತೀರ್ಮಾನವನ್ನು ಮಗುವಿಗೇ ಬಿಡಿ. ವಾರ್ಡು ನೋಡಿ ಮುಖ ತಿರುಗಿಸಿದ ಮಗುವಿಗೆ ಡಾಕ್ಟರ್ ಸೀಟೇ ಬೇಕೇ ಎಂದೂ ಅಲ್ಲೇ ಗೊತ್ತಾಗುತ್ತದೆ. ಅದೂ ಸಣ್ಣ ಲಾಭವೇನಲ್ಲ.

ನಮ್ಮ ಮಾತು ಸರಿಯಲ್ಲ ಎನ್ನುವವರು ಕಾರಣ ಕೊಟ್ಟು ಹೇಳಿ, ಕೇಳಲು ತಯಾರಿದ್ದೇವೆ. ಆದರೆ "ಅಲ್ಲಿ ಮಾಲು ಇಲ್ಲ" ಎಂಬ ಕಾರಣವನ್ನು ಮಾತ್ರ ಹೇಳಬೇಡಿ.